ಆ ಕಾರಿಡಾರ್ ನಿಜಕ್ಕೂ ಖಾಲಿ ಇತ್ತಾ?

[ತೆರೆಯ ಮೇಲೆ: ಕಪ್ಪು-ಬಿಳುಪು ಫೋಟೊ. ಆಸ್ಪತ್ರೆಯ ಉದ್ದ ಕಾರಿಡಾರ್, ಸಾಲು ಬಾಗಿಲು, ಬೆಂಚು, ಗೋಡೆ ಗಡಿಯಾರ.]

ನಮಸ್ಕಾರ. ಇಂಥ ಫೋಟೊ ನೋಡಿದವರೆಲ್ಲ ಹೇಳುವುದು ಒಂದೇ ಮಾತು: "ಎಷ್ಟು ಬಿಕೋ ಅನ್ನುತ್ತಿದೆ!" ಆದರೆ ಕ್ಯಾಮೆರಾದ ಶಟರ್ (ಬೆಳಕನ್ನು ಒಳಬಿಡುವ ಪರದೆ) ತೆರೆದಿದ್ದಾಗ ಇಲ್ಲಿ ಹತ್ತು ಜನ ಓಡಾಡಿರಬಹುದು. ಪತ್ತೆ ಹಚ್ಚೋಣ.

ಐಎಸ್‌ಒ 100 ಫಿಲ್ಮ್ ಅಂದುಕೊಳ್ಳಿ (ಐಎಸ್‌ಒ ಎಂದರೆ ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ). ಬೆಂಚಿನಿಂದ ಕೊನೆಯ ಬಾಗಿಲಿನವರೆಗೂ ಸ್ಪಷ್ಟವಾಗಿರಲಿ ಅಂತ ಎಫ್/32, ಅಂದರೆ ಲೆನ್ಸಿನ ತೀರಾ ಕಿರಿದಾದ ರಂಧ್ರ. ಮಂದ ಬೆಳಕಿನಲ್ಲಿ ಬೆಳಕಿನ ಮೀಟರ್ ಇವಿ 5 (ಬೆಳಕಿನ ಮಟ್ಟದ ಅಂಕಿ) ತೋರಿಸಿದರೆ ಎಕ್ಸ್‌ಪೋಷರ್, ಅಂದರೆ ಶಟರ್ ತೆರೆದಿರುವ ಹೊತ್ತು, 32 ಸೆಕೆಂಡ್. ಇಷ್ಟು ದೀರ್ಘ ಹೊತ್ತಿನಲ್ಲಿ ಫಿಲ್ಮಿನ ಸ್ಪಂದನೆ ಕುಗ್ಗುವುದರಿಂದ ಎಷ್ಟೋ ಫಿಲ್ಮ್‌ಗಳಿಗೆ ಇದೂ ಸಾಲದು, ನಿಮಿಷ ದಾಟಿಸಬೇಕು. ಅರ್ಧ ಮೀಟರ್ ಅಗಲದ ವ್ಯಕ್ತಿ ಸೆಕೆಂಡಿಗೆ 1 ಮೀಟರ್‌ನಂತೆ ಅಡ್ಡ ಹಾದುಹೋದರೆ ಒಂದು ಜಾಗವನ್ನು ಮರೆಮಾಡುವುದು ಬರೀ ಅರ್ಧ ಸೆಕೆಂಡ್. 64ರಲ್ಲಿ 1 ಪಾಲು! ನೆಗೆಟಿವ್‌ನಲ್ಲಿ ಗುರುತೇ ಉಳಿಯುವುದಿಲ್ಲ. ಕ್ಯಾಮೆರಾ ಕಡೆಗೇ ನಡೆದು ಬಂದವರು ಹೊಗೆಯಂತೆ ಉಳಿದಾರು. ಬೆಂಚಿನಲ್ಲಿ ಕೂತವರ ಮೈ ಉಳಿದು ಮುಖ ಕಲಸಿಹೋಗುತ್ತದೆ.

[ಗಡಿಯಾರದ ಕ್ಲೋಸಪ್]

ಸಾಕ್ಷಿ ಬೇಕಾ? ಗಡಿಯಾರ ನೋಡಿ. ಇಡೀ ಫೋಟೊದಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ. ಟಿಕ್ ಟಿಕ್ ಎಂದು ನಿಂತು ನಿಂತು ಸಾಗುವ ಸೆಕೆಂಡಿನ ಮುಳ್ಳು 4 ಸೆಕೆಂಡಿನ ಎಕ್ಸ್‌ಪೋಷರ್‌ನಲ್ಲಿ ನಾಲ್ಕು ಮಸುಕು ಮುಳ್ಳುಗಳಾಗಿ ಕಾಣುತ್ತದೆ. ಎಣಿಸಿದರೆ ಆಯಿತು. 32 ಸೆಕೆಂಡಿಗೆ ಅದು ಮಾಯ. ಆಗ ನಿಮಿಷದ ಮುಳ್ಳಿನ ತುದಿ ನೋಡಬೇಕು. ನಿಮಿಷಕ್ಕೆ 6 ಡಿಗ್ರಿ ಸರಿಯುವುದರಿಂದ ಅದು 3 ಡಿಗ್ರಿಯಷ್ಟು ದಪ್ಪಗಾಗಿರುತ್ತದೆ.

ಎಡವುವುದು ಇಲ್ಲೇ. ಹಳೆಯ ದೊಡ್ಡ ಕಟ್ಟಡಗಳಲ್ಲಿ ಕೋಣೆಕೋಣೆಯ ಗಡಿಯಾರಗಳನ್ನೂ ಒಂದೇ ಮುಖ್ಯ ಗಡಿಯಾರ ತಂತಿಯ ಮೂಲಕ ನಡೆಸುತ್ತಿತ್ತು. ಅವುಗಳ ನಿಮಿಷದ ಮುಳ್ಳು ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ ಜಿಗಿಯುತ್ತದೆ. ಹಾಗಾಗಿ ಮುಳ್ಳು ಚೂಪಾಗಿದೆ ಅಂತ ಎಕ್ಸ್‌ಪೋಷರ್ ಚಿಕ್ಕದು ಅಂದುಬಿಡಬೇಡಿ. ಶಟರ್ ತೆರೆದಿದ್ದಾಗಲೇ ಜಿಗಿದಿದ್ದರೆ? ಒಂದೇ ಡಯಲ್‌ನಲ್ಲಿ ಎರಡು ನಿಮಿಷದ ಮುಳ್ಳು! ಎರಡರಲ್ಲಿ ಕಡುವಾಗಿರುವ ಕಡೆ ಹೆಚ್ಚು ಹೊತ್ತು ನಿಂತಿತ್ತು.

ಸಮಯ ಮುಗಿಯುತ್ತಿದೆ, ಉಳಿದದ್ದು ಬೇಗಬೇಗ. ಕಿಟಕಿಯ ಸುತ್ತ ಪ್ರಭೆ ಇದ್ದರೆ, ಫಿಲ್ಮಿನ ಬದಲು ಗಾಜಿನ ಪ್ಲೇಟ್ ಬಳಸಿರಬಹುದು: ಬೆಳಕು ಅದರ ಹಿಂಬದಿಗೆ ಬಡಿದು ಇಮಲ್ಶನ್‌ಗೆ (ಚಿತ್ರ ಮೂಡುವ ಲೇಪಕ್ಕೆ) ಮರಳಿದೆ. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಕಪ್ಪಗಿದ್ದರೆ, ಕೆಂಪಿಗೆ ಸ್ಪಂದಿಸದ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್ ಇರಬಹುದು.

ಕೊನೆಯದು: ನೆಲ, ಛಾವಣಿಯ ಗೆರೆಗಳು ದೂರದಲ್ಲಿ ಕೂಡುವ ಬಿಂದುವಿನಿಂದ ಅಡ್ಡಗೆರೆ ಎಳೆಯಿರಿ. ಅದು ಬಾಗಿಲ ಹಿಡಿಗಳನ್ನು ಹಾದುಹೋದರೆ ಲೆನ್ಸ್ ಸುಮಾರು 1 ಮೀಟರ್ ಎತ್ತರದಲ್ಲಿತ್ತು, ನಿಂತವರ ಕಣ್ಣಿಗಿಂತ ಅರ್ಧ ಮೀಟರ್ ಕೆಳಗೆ. ಛಾವಣಿ ಅಷ್ಟೊಂದು ಎತ್ತರ ಕಾಣುವುದರಲ್ಲಿ ಕ್ಯಾಮೆರಾ ಹೊತ್ತ ತಗ್ಗಿನ ಟ್ರೈಪಾಡಿನ ಪಾಲೂ ಇದೆ.