ಆಗ್ರಾದ ಆರು ಟ್ಯಾಂಕರ್‌ಗಳು

ಹಾಸನ ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ.

ಸುಖೋಯ್, ರಫೇಲ್, ನಮ್ಮ ಬೆಂಗಳೂರಿನಲ್ಲಿ ತಯಾರಾಗುವ ತೇಜಸ್. ಈ ಹೆಸರುಗಳು ಈಗ ಶಾಲೆಯ ಮಕ್ಕಳ ಬಾಯಲ್ಲೂ ಇವೆ. ಇವಕ್ಕೆಲ್ಲ ಹಾರಾಟದ ನಡುವೆಯೇ ಇಂಧನ ತುಂಬಿಸುವ ಸ್ಕ್ವಾಡ್ರನ್ ಒಂದು ಆಗ್ರಾದಲ್ಲಿದೆ ಎಂಬುದು ಅಷ್ಟಾಗಿ ಸುದ್ದಿಯಾಗುವುದಿಲ್ಲ. ಅದು ವಾಯುಪಡೆಯ 78ನೇ ಸ್ಕ್ವಾಡ್ರನ್. ಅಡ್ಡಹೆಸರು ‘ವ್ಯಾಲರಸ್ ಮಾರ್ಸ್’. ಅದರ ಕೈಯಲ್ಲಿರುವುದು ಆರೇ ವಿಮಾನ, ಇಲ್ಯೂಷಿನ್-78 ಎಂ.ಕೆ.ಐ. ನೂರಾರು ಯುದ್ಧವಿಮಾನಗಳಿರುವ ಪಡೆಗೆ ಆರು ಟ್ಯಾಂಕರ್ ಎಷ್ಟರಮಟ್ಟಿಗೆ ಸಾಕು? ಈ ಪ್ರಶ್ನೆಗೆ ಉತ್ತರ ವಿಮಾನಗಳ ಸಂಖ್ಯೆಯಲ್ಲಿ ಸಿಗುವುದಿಲ್ಲ, ಟನ್ ಮತ್ತು ಕಿಲೋಮೀಟರಿನ ಲೆಕ್ಕದಲ್ಲಿ ಸಿಗುತ್ತದೆ. ಇವತ್ತು ಆ ಲೆಕ್ಕವನ್ನೇ ಹಾಕೋಣ.

ಅದಕ್ಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1923ರ ಜೂನ್ 27ರಂದು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಒಂದು ವಿಮಾನದಿಂದ ಕೆಳಗೆ ಹಾರುತ್ತಿದ್ದ ಇನ್ನೊಂದಕ್ಕೆ ರಬ್ಬರ್ ಪೈಪು ಇಳಿಬಿಟ್ಟು ಪೆಟ್ರೋಲ್ ಸುರಿದರು. ಪಂಪು ಗಿಂಪು ಏನೂ ಇಲ್ಲ, ಮೇಲಿನಿಂದ ಕೆಳಕ್ಕೆ ತಾನಾಗಿ ಹರಿಯಿತು. ಕೆಳಗಿನ ವಿಮಾನದಲ್ಲಿದ್ದವನು ಆ ಪೈಪನ್ನು ಕೈಯಿಂದಲೇ ಹಿಡಿದುಕೊಳ್ಳಬೇಕಿತ್ತು. ಇದಕ್ಕೆಂದೇ ಪ್ರತ್ಯೇಕ ಸ್ಕ್ವಾಡ್ರನ್ ಕಟ್ಟಿದ್ದು 1948ರಲ್ಲಿ. ಅಮೆರಿಕದ 43 ಮತ್ತು 509ನೇ ಟ್ಯಾಂಕರ್ ಸ್ಕ್ವಾಡ್ರನ್‌ಗಳು ಹುಟ್ಟಿದ್ದು ಆ ವರ್ಷ. ಮರುವರ್ಷವೇ ಒಂದು ಬಿ-50 ಬಾಂಬರ್ ನಾಲ್ಕು ಸಲ ಗಾಳಿಯಲ್ಲೇ ಇಂಧನ ತುಂಬಿಸಿಕೊಂಡು, 94 ಗಂಟೆಯಲ್ಲಿ, ಎಲ್ಲೂ ಇಳಿಯದೆ ಭೂಮಿಗೆ ಒಂದು ಸುತ್ತು ಬಂತು. ಅದೇ 1949ರಲ್ಲಿ ಇಂಗ್ಲೆಂಡಿನ ಸರ್ ಅಲನ್ ಕಾಬಮ್ ಅವರ ಕಂಪನಿ ಹೊಸ ವಿಧಾನವೊಂದನ್ನು ತೋರಿಸಿತು. ಟ್ಯಾಂಕರಿನ ಹಿಂದೆ ಪೈಪು, ಪೈಪಿನ ತುದಿಗೆ ಬುಟ್ಟಿ, ಹಿಂದಿನ ವಿಮಾನದ ಮೂತಿಯಲ್ಲಿ ಒಂದು ಕೊಳವೆ. ಆ ಕೊಳವೆಗೆ ಪ್ರೋಬ್ ಎನ್ನುತ್ತಾರೆ. ಆಗಸ್ಟಿನಲ್ಲಿ ಒಂದು ಮೀಟಿಯರ್ ಯುದ್ಧವಿಮಾನ ಹೀಗೆ ಹತ್ತು ಸಲ ಇಂಧನ ಪಡೆದು 12 ಗಂಟೆ ಗಾಳಿಯಲ್ಲೇ ಉಳಿಯಿತು. ನಮ್ಮ ವಾಯುಪಡೆ ಇವತ್ತು ಬಳಸುವುದು ಇದೇ ವಿಧಾನ.

ಭಾರತ ಈ ಕೆಲಸಕ್ಕೆ ಕೈಹಾಕಿದ್ದು ತಡವಾಗಿ. 1985ರಲ್ಲೇ ಇಲ್ಯೂಷಿನ್-76 ಸಾಗಣೆ ವಿಮಾನಗಳು ಗಜರಾಜ ಎಂಬ ಹೆಸರಿನಲ್ಲಿ ಬಂದಿದ್ದವು. ಅದೇ ವಿಮಾನದ ಟ್ಯಾಂಕರ್ ರೂಪ ಇಲ್ಯೂಷಿನ್-78, 2003ರಲ್ಲಿ ಬಂತು. ಉಜ್ಬೇಕಿಸ್ತಾನದ ತಾಷ್ಕೆಂಟ್ ಕಾರ್ಖಾನೆಯಲ್ಲಿ ತಯಾರಾದ ವಿಮಾನಗಳು ಅವು. ಆರೂ ಬಂದು ಆಗ್ರಾದಲ್ಲಿ ನೆಲೆಯೂರಿದವು. ಮಂಗಳೂರಿನಿಂದ ನಮ್ಮ ಹಾಸನದ ಮೇಲೆ ಬೆಂಗಳೂರಿಗೆ ಹೋಗುವ ಪೆಟ್ರೋಲಿಯಂ ಪೈಪ್‌ಲೈನ್ ಶುರುವಾದದ್ದೂ 2003ರಲ್ಲೇ ಎಂಬುದು ಬರೀ ಕಾಕತಾಳೀಯ. ಆದರೆ ಇಂಧನ ಸಾಗಿಸುವುದು ಎಂದರೇನು ಎಂದು ಹಾಸನದವರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ.

ವಿಮಾನವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರೆಕ್ಕೆಯ ಅಗಲ 50 ಮೀಟರ್ ಚಿಲ್ಲರೆ, ಉದ್ದ 46 ಮೀಟರಿಗೂ ಮೇಲೆ. ನಾಲ್ಕು ಜೆಟ್ ಎಂಜಿನ್, ಒಂದೊಂದರ ನೂಕುಬಲ ಸುಮಾರು 12 ಟನ್. ಗಾಜಿನ ಮೂತಿಯೊಳಗೆ, ಪೈಲಟ್‌ಗಳಿಗಿಂತ ಕೆಳಗೆ, ನ್ಯಾವಿಗೇಟರ್ ಕೂರುತ್ತಾರೆ. ಗಜರಾಜನ ಮೂಲ ವಿನ್ಯಾಸದಲ್ಲಿ ಬಾಲದ ತುದಿಯಲ್ಲಿ ಫಿರಂಗಿಗಾರನಿಗೆ ಜಾಗವಿತ್ತು. ಟ್ಯಾಂಕರಿನಲ್ಲಿ ಅದೇ ಗೂಡಿನಲ್ಲಿ ಇಂಧನದ ಆಪರೇಟರ್ ಹಿಂದಕ್ಕೆ ಮುಖಮಾಡಿ ಕೂರುತ್ತಾರೆ. ಪೈಪು ಬಿಡುವ ಜಾಗ ಮೂರು. ಎರಡೂ ರೆಕ್ಕೆಗಳ ಕೆಳಗೆ ಒಂದೊಂದು ಪಾಡ್, ಎಂದರೆ ಪೈಪು ಸುತ್ತಿಟ್ಟಿರುವ ಡಬ್ಬಿ, ಹೊಟ್ಟೆಯ ಎಡಬದಿಗೆ ಹಿಂಭಾಗದಲ್ಲಿ ಇನ್ನೊಂದು. ರೆಕ್ಕೆಯ ಪಾಡ್‌ಗಳಿಂದ ಎರಡು ಯುದ್ಧವಿಮಾನಗಳು ಏಕಕಾಲಕ್ಕೆ ಇಂಧನ ಪಡೆಯಬಹುದು. ದೊಡ್ಡ ವಿಮಾನವಾದರೆ ಹೊಟ್ಟೆಯ ಪಾಡ್ ಒಂದೇ. ಈ ಜಾತಿಯ ಟ್ಯಾಂಕರಿನ ಪೈಪಿನ ಉದ್ದ ಸುಮಾರು 26 ಮೀಟರ್.

ಈಗ ಕೆಲಸ ನಡೆಯುವ ರೀತಿ. ಟ್ಯಾಂಕರ್ ಗೊತ್ತುಮಾಡಿದ ಜಾಗದಲ್ಲಿ ಉದ್ದನೆಯ ಮೊಟ್ಟೆಯಾಕಾರದಲ್ಲಿ ಸುತ್ತುತ್ತಿರುತ್ತದೆ. ಇಂಧನ ಬೇಕಾದ ವಿಮಾನ ಮೊದಲು ಅದರ ಎಡಗಡೆಗೆ ಬಂದು ಜೊತೆಗೂಡುತ್ತದೆ. ಅನುಮತಿ ಸಿಕ್ಕಮೇಲೆ ಹಿಂದಕ್ಕೆ ಸರಿದು, ಬುಟ್ಟಿಗೆ ಕೆಲವು ಮೀಟರ್ ಹಿಂದೆ, ಅಲುಗಾಡದೆ ನಿಲ್ಲಬೇಕು. ಗಂಟೆಗೆ ನಾನೂರೈವತ್ತು, ಐನೂರು ಕಿಲೋಮೀಟರ್ ವೇಗದಲ್ಲಿ ‘ನಿಲ್ಲುವುದು’ ಎಂದರೆ ಟ್ಯಾಂಕರಿಗೆ ಹೋಲಿಸಿದರೆ ನಿಂತಂತಿರುವುದು, ಅಷ್ಟೆ. ಪಾಡ್‌ನಲ್ಲಿ ದೀಪಗಳಿರುತ್ತವೆ. ಸಾಮಾನ್ಯ ಪದ್ಧತಿಯಲ್ಲಿ ಕೆಂಪಾದರೆ ಬರಬೇಡ, ಹಳದಿಯಾದರೆ ಬಾ, ಹಸಿರಾದರೆ ಇಂಧನ ಹರಿಯುತ್ತಿದೆ. ಹಳದಿ ಬಂದಮೇಲೆ ಪೈಲಟ್ ಗಂಟೆಗೆ 5ರಿಂದ 9 ಕಿ.ಮೀ.ನಷ್ಟು ಮಾತ್ರ ಹೆಚ್ಚಿನ ವೇಗದಲ್ಲಿ ಮುಂದೆ ಬರುತ್ತಾರೆ. ಪ್ರೋಬಿನ ತುದಿ ಬುಟ್ಟಿಯ ನಡುವೆ ಕೂತು ಕೊಂಡಿ ಹಿಡಿದಮೇಲೂ ಕೆಲಸ ಮುಗಿಯಲಿಲ್ಲ. ಪೈಪನ್ನು ಇನ್ನೂ ಒಂದೆರಡು ಮೀಟರ್ ಒಳಕ್ಕೆ ತಳ್ಳಬೇಕು. ಆಗ ಪಾಡ್‌ನ ರಾಟೆ ಆ ಸಡಿಲವನ್ನು ಸುತ್ತಿಕೊಳ್ಳುತ್ತದೆ, ವಾಲ್ವ್ ತೆರೆದುಕೊಳ್ಳುತ್ತದೆ, ಇಂಧನ ಹರಿಯುತ್ತದೆ.

ತಪ್ಪುಗಳಾಗುವುದು ಈ ಕೆಲವೇ ಕ್ಷಣಗಳಲ್ಲಿ. ತೀರಾ ನಿಧಾನಕ್ಕೆ ಬಂದರೆ ಕೊಂಡಿ ಹಿಡಿಯುವುದಿಲ್ಲ, ಬುಟ್ಟಿ ಮುಂದಕ್ಕೆ ಜಾರುತ್ತದೆ, ಒಂದಿಷ್ಟು ಇಂಧನ ಗಾಜಿನ ಮೇಲೆ ಚಿಮ್ಮಿದರೂ ಚಿಮ್ಮಿತು. ವೇಗ ಜಾಸ್ತಿಯಾದರೆ ಅಪಾಯ ದೊಡ್ಡದು. ರಾಟೆ ಸುತ್ತಿಕೊಳ್ಳುವುದಕ್ಕಿಂತ ಬೇಗ ಪೈಪು ಸಡಿಲಾಗಿ, ಅದರುದ್ದಕ್ಕೂ ಅಲೆಯೊಂದು ಓಡುತ್ತದೆ. ಆ ಅಲೆ ಟ್ಯಾಂಕರನ್ನು ಮುಟ್ಟಿ ವಾಪಸ್ ಬಂದು ಪ್ರೋಬಿಗೆ ಹೊಡೆದರೆ ಪ್ರೋಬಿನ ತುದಿ ಮುರಿಯುತ್ತದೆ. ತುದಿಯಲ್ಲಿ ಬೇಕೆಂದೇ ಒಂದು ದುರ್ಬಲ ಜಾಗ ಬಿಟ್ಟಿರುತ್ತಾರೆ, ಮುರಿದರೆ ಅಲ್ಲೇ ಮುರಿಯಲಿ, ವಿಮಾನದ ಮೂತಿ ಕಿತ್ತುಹೋಗದಿರಲಿ ಎಂದು. ಹೊಸಬರು ಮಾಡುವ ಮಾಮೂಲಿ ತಪ್ಪು ಇನ್ನೊಂದು. ಅವರು ಬುಟ್ಟಿಯನ್ನೇ ದಿಟ್ಟಿಸುತ್ತ ಅದರ ಬೆನ್ನು ಹತ್ತುತ್ತಾರೆ. ವಿಮಾನದ ಮೂತಿ ಹತ್ತಿರವಾದಂತೆ ಅದು ತಳ್ಳುವ ಗಾಳಿಗೆ ಬುಟ್ಟಿ ಪಕ್ಕಕ್ಕೆ ಸರಿಯುತ್ತದೆ, ಪೈಲಟ್ ಅದರ ಹಿಂದೆ ಹೋದಷ್ಟೂ ಎರಡೂ ಓಲಾಡುತ್ತವೆ. ಕಲಿಸುವವರು ಹೇಳುವುದು ಒಂದೇ ಮಾತು: ಕಣ್ಣು ಟ್ಯಾಂಕರಿನ ಮೇಲಿರಲಿ, ಬುಟ್ಟಿ ಕಣ್ಣಂಚಿನಲ್ಲಿದ್ದರೆ ಸಾಕು. ತಪ್ಪಿದರೆ ಅಲ್ಲೇ ಎಡಕ್ಕೆ ಬಲಕ್ಕೆ ತಡಕಾಡದೆ ವೇಗ ತಗ್ಗಿಸಿ ನೇರ ಹಿಂದಕ್ಕೆ ಬಂದು ಮೊದಲಿನಿಂದ ಶುರುಮಾಡಬೇಕು.

ಇಂಧನ ತುಂಬುತ್ತಾ ಹೋದಂತೆ ವಿಮಾನ ಭಾರವಾಗುತ್ತದೆ, ಎಂಜಿನ್ ಬಲ ಏರಿಸುತ್ತಲೇ ಇರಬೇಕು. ಜಾಗ್ವಾರ್‌ನಂಥ, ಎಂಜಿನ್ ಬಲ ಕಡಿಮೆಯಿರುವ ವಿಮಾನಗಳಿಗೆ ಎತ್ತರದಲ್ಲಿ ಇದು ಕಷ್ಟ. ಅಂಥ ಹೊತ್ತಿನಲ್ಲಿ ಟ್ಯಾಂಕರ್ ಮೆಲ್ಲಗೆ ಇಳಿಜಾರಿನಲ್ಲಿ ಹಾರಿ ಹಿಂದಿನವನಿಗೆ ಅನುಕೂಲ ಮಾಡಿಕೊಡುವ ಪದ್ಧತಿ ಟ್ಯಾಂಕರ್ ಪಡೆಗಳಲ್ಲಿದೆ. ಬಿಡಿಸಿಕೊಳ್ಳುವಾಗಲೂ ಬಂದ ದಾರಿಯಲ್ಲೇ ನೇರ ಹಿಂದಕ್ಕೆ ಬರಬೇಕು. ಓರೆಯಾಗಿ ಎಳೆದರೆ ಬುಟ್ಟಿಯ ಕಡ್ಡಿಗಳು ಬಾಗುತ್ತವೆ. ಬಾಗಿದ ಬುಟ್ಟಿ ಗಾಳಿಯಲ್ಲಿ ಗಿರಗಿರನೆ ತಿರುಗತೊಡಗಿದರೆ ಮುಂದಿನವನಿಗೆ ಇಂಧನ ಇಲ್ಲ. ಪೈಪು ಒಳಕ್ಕೆ ಸುತ್ತಿಕೊಳ್ಳದೇ ಹೋದರೆ ಕಡೆಯ ಉಪಾಯವಾಗಿ ಅದನ್ನು ಕತ್ತರಿಸಿ ಬೀಳಿಸುವ ವ್ಯವಸ್ಥೆ ಇಂಥ ಪಾಡ್‌ಗಳಲ್ಲಿರುತ್ತದೆ.

ತೇಜಸ್‌ನ ಪರೀಕ್ಷೆಯಲ್ಲಿ ಈ ಕ್ರಮ ಚೆನ್ನಾಗಿ ಕಾಣುತ್ತದೆ. 2018ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಇಂಧನವಿಲ್ಲದೆ ಬರೀ ಪ್ರೋಬ್ ತಾಗಿಸಿ ನೋಡಿದರು. ಸೆಪ್ಟೆಂಬರ್ 10ರಂದು ಗ್ವಾಲಿಯರ್‌ನಿಂದ ತೇಜಸ್, ಆಗ್ರಾದಿಂದ ಟ್ಯಾಂಕರ್ ಹೊರಟವು. 20,000 ಅಡಿ ಎತ್ತರ, 270 ನಾಟ್, ಎಂದರೆ ಗಂಟೆಗೆ ಸುಮಾರು 500 ಕಿ.ಮೀ. ವೇಗ, ವರ್ಗವಾದ ಇಂಧನ 1,900 ಕೆ.ಜಿ. ವಿಮಾನದವರು ಇಂಧನವನ್ನು ಲೀಟರಿನಲ್ಲಿ ಅಳೆಯದೆ ಕೆ.ಜಿ.ಯಲ್ಲಿ ಅಳೆಯುತ್ತಾರೆ. ಬಿಸಿಲಿಗೆ ಹಿಗ್ಗಿದ ಇಂಧನಕ್ಕೆ ಲೀಟರ್ ಜಾಸ್ತಿ ಬರುತ್ತದೆ, ಶಕ್ತಿ ಜಾಸ್ತಿಯಾಗುವುದಿಲ್ಲ. ಈ 1,900 ಕೆ.ಜಿ. ಹೆಚ್ಚುಕಡಿಮೆ 2,400 ಲೀಟರ್.

ಇನ್ನು ಆ ಟನ್ ಕಿಲೋಮೀಟರಿನ ಲೆಕ್ಕ. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತುವ ಟ್ಯಾಂಕರ್ ಲಾರಿ ಹೊತ್ತು ತಂದ ಸರಕಿನಿಂದಲೇ ತನ್ನ ಡೀಸೆಲನ್ನೂ ತೆಗೆದುಕೊಂಡರೆ ಹೇಗೋ, ಇಲ್ಯೂಷಿನ್-78ರ ಬಾಳೂ ಹಾಗೆಯೇ. ಕೊಡುವ ಇಂಧನ, ತಾನು ಸುಡುವ ಇಂಧನ, ಎರಡಕ್ಕೂ ಬುತ್ತಿ ಒಂದೇ. ಪ್ರಕಟವಾಗಿರುವ ಅಂಕಿಗಳ ಪ್ರಕಾರ ನೆಲೆಯಿಂದ 1,000 ಕಿ.ಮೀ. ದೂರದಲ್ಲಿ ಇದು 60ರಿಂದ 65 ಟನ್ ಕೊಡಬಲ್ಲದು. 2,500 ಕಿ.ಮೀ. ದೂರಕ್ಕೆ ಹೋದರೆ ಕೊಡಲು ಉಳಿಯುವುದು 32ರಿಂದ 36 ಟನ್. ಹೋಗಿಬರುವ ಹೆಚ್ಚುವರಿ 3,000 ಕಿ.ಮೀ.ಗೆ 30 ಟನ್ ಹತ್ತಿರ ಖರ್ಚಾಯಿತು, ಅಂದರೆ ಕಿಲೋಮೀಟರಿಗೆ 10 ಕೆ.ಜಿ. ಆಗ್ರಾದಿಂದ ಹಾಸನಕ್ಕೆ ನೇರ ಗೆರೆ ಎಳೆದರೆ ಸುಮಾರು 1,600 ಕಿ.ಮೀ. ನಮ್ಮ ತಲೆಯ ಮೇಲೆ ಬಂದು ಇಂಧನ ಹಂಚಬೇಕಾದರೆ ಆ ಟ್ಯಾಂಕರಿನ ಕೈಯಲ್ಲಿ 50 ಟನ್ ಆಸುಪಾಸು ಇರುತ್ತದೆ. ಒಂದು ಸುಖೋಯ್-30ರ ಒಳಗಿನ ಟ್ಯಾಂಕುಗಳಿಗೆ ಒಂಬತ್ತೂವರೆ ಟನ್ ಹತ್ತಿರ ಹಿಡಿಯುತ್ತದೆ. ತಲಾ 5 ಟನ್ ಕೊಟ್ಟರೆ ಹತ್ತು ಸುಖೋಯ್, ಅಲ್ಲಿಗೆ ಮುಗಿಯಿತು. ಇದೂ ತುಂಬು ಭಾರದಲ್ಲಿ ಮೇಲೇರಿದರೆ ಮಾತ್ರ. ಮೇ ತಿಂಗಳ ಆಗ್ರಾದ ಬಿಸಿಲಿಗೆ ಗಾಳಿ ತೆಳುವಾಗಿ, ರೆಕ್ಕೆಯ ಎತ್ತುಬಲವೂ ಎಂಜಿನ್ನಿನ ನೂಕುಬಲವೂ ತಗ್ಗುತ್ತವೆ. ರನ್‌ವೇ ಎಷ್ಟು ಉದ್ದವಿದೆ ಎನ್ನುವುದರ ಮೇಲೆ ಎಷ್ಟು ಟನ್ ಬಿಟ್ಟು ಹೊರಡಬೇಕು ಎಂಬುದು ತೀರ್ಮಾನವಾಗುತ್ತದೆ.

ಈ ಲೆಕ್ಕ ಕೈಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ನಡೆದ 1982ರ ಫಾಕ್‌ಲ್ಯಾಂಡ್ ಯುದ್ಧ ಸಾಕ್ಷಿ. ಅಸೆನ್ಷನ್ ದ್ವೀಪದಿಂದ ಸುಮಾರು 6,300 ಕಿ.ಮೀ. ದೂರಕ್ಕೆ ಒಂದೇ ಒಂದು ವಲ್ಕನ್ ಬಾಂಬರನ್ನು ಮುಟ್ಟಿಸಲು ಬ್ರಿಟಿಷರು ಮೊದಲ ದಾಳಿಯಲ್ಲಿ ಹನ್ನೊಂದು ವಿಕ್ಟರ್ ಟ್ಯಾಂಕರ್‌ಗಳನ್ನು ಹಾರಿಸಿದರು. ಟ್ಯಾಂಕರಿಗೆ ಟ್ಯಾಂಕರೇ ಇಂಧನ ಕೊಡಬೇಕಾಯಿತು. ಕೊನೆಯ ಹಂತದಲ್ಲಿ ಬಿರುಗಾಳಿಗೆ ಸಿಕ್ಕಿ ಒಂದು ವಿಕ್ಟರಿನ ಪ್ರೋಬ್ ಮುರಿಯಿತು. ಕೊಡುತ್ತಿದ್ದವನೇ ಆ ಇಂಧನವನ್ನು ವಾಪಸ್ ಪಡೆದು ಮುಂದೆ ಹೋಗಬೇಕಾಗಿ ಬಂತು.

78ನೇ ಸ್ಕ್ವಾಡ್ರನ್ ಬಂದ ಮರುವರ್ಷವೇ, 2004ರಲ್ಲಿ, ನಮ್ಮ ಜಾಗ್ವಾರ್‌ಗಳು ಅದರ ಜೊತೆಯಲ್ಲಿ ಅಲಾಸ್ಕಾದ ಸಮರಾಭ್ಯಾಸಕ್ಕೆ ಹೋದವು. 2007ರಲ್ಲಿ ಸುಖೋಯ್‌ಗಳು ಇಂಗ್ಲೆಂಡಿನ ವಾಡಿಂಗ್ಟನ್‌ಗೆ, 2008ರಲ್ಲಿ ಎಂಟು ಸುಖೋಯ್‌ಗಳು ಎರಡು ಟ್ಯಾಂಕರ್‌ಗಳೊಡನೆ ಅಮೆರಿಕದ ನೆಲ್ಲಿಸ್‌ಗೆ ಹೋದವು. ಎರಡೇ ಎಂದು ಹಗುರವಾಗಿ ಹೇಳುವಂತಿಲ್ಲ, ಅದು ಇಡೀ ಸ್ಕ್ವಾಡ್ರನ್ನಿನ ಮೂರನೇ ಒಂದು ಪಾಲು. 2017ರಲ್ಲಿ ರೇಡಾರ್ ಹೊರುವ ಎಂಬ್ರೇಯರ್ ವಿಮಾನಕ್ಕೂ ಇಂಧನ ಕೊಟ್ಟು ನೋಡಿದರು. ಹತ್ತು ನಿಮಿಷ ತುಂಬಿಸಿದರೆ ನಾಲ್ಕು ಗಂಟೆ ಹೆಚ್ಚು ಹಾರಬಹುದು ಎಂದು ವಾಯುಪಡೆ ಹೇಳಿತು. 2019ರ ಫೆಬ್ರುವರಿ 26ರ ಬಾಲಾಕೋಟ್ ದಾಳಿಯಲ್ಲಿ ಗ್ವಾಲಿಯರ್‌ನಿಂದ ಹೊರಟ ಮಿರಾಜ್‌ಗಳಿಗೂ ಆಗ್ರಾದ ಟ್ಯಾಂಕರ್ ಆಸರೆಯಾಗಿತ್ತೆಂದು ವರದಿಗಳು ಹೇಳುತ್ತವೆ. ದೂರ ಹೋಗುವುದಕ್ಕೆ ಮಾತ್ರ ಟ್ಯಾಂಕರ್ ಬೇಕು ಎಂದುಕೊಳ್ಳಬಾರದು. ಬಾಂಬುಗಳ ಭಾರ ಜಾಸ್ತಿಯಿದ್ದಾಗ ಇಂಧನ ಕಡಿಮೆ ತುಂಬಿಕೊಂಡು ನೆಲಬಿಟ್ಟು, ಮೇಲೆ ಹೋದಮೇಲೆ ಟ್ಯಾಂಕು ಭರ್ತಿಮಾಡಿಕೊಳ್ಳಬಹುದು.

ಈಗ ಕಹಿ ಸಂಗತಿ. ಮಹಾಲೇಖಪಾಲರು 2017ರಲ್ಲಿ ಸಂಸತ್ತಿನ ಮುಂದಿಟ್ಟ ವರದಿಯಂತೆ, 2010ರಿಂದ 2016ರವರೆಗೆ ಈ ಟ್ಯಾಂಕರ್‌ಗಳು ಹಾರಲು ಸಿದ್ಧವಾಗಿದ್ದದ್ದು ಸರಾಸರಿ ಶೇ. 49. ಇರಬೇಕಾದದ್ದು ಶೇ. 70. ಆರರಲ್ಲಿ ಶೇ. 49 ಎಂದರೆ ಮೂರೂ ತುಂಬುವುದಿಲ್ಲ. ವಿನ್ಯಾಸ ಮಾಸ್ಕೋದ್ದು, ಜೋಡಣೆ ತಾಷ್ಕೆಂಟಿನದು. ಸೋವಿಯತ್ ಒಕ್ಕೂಟ ಒಡೆದಮೇಲೆ ಈ ಎರಡು ಊರುಗಳ ನಡುವೆ ದೇಶದ ಗಡಿಗಳೇ ಬಂದವು, ತಾಷ್ಕೆಂಟಿನ ಕಾರ್ಖಾನೆಯಂತೂ ವಿಮಾನ ಮಾಡುವುದನ್ನೇ ನಿಲ್ಲಿಸಿತು. ಬಿಡಿಭಾಗಕ್ಕೆ ಯಾರ ಬಾಗಿಲು ತಟ್ಟಬೇಕು? ಇದು ಆರು ವಿಮಾನ ಕೊಳ್ಳುವಾಗಲೇ ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ. ಹೊಸ ಟ್ಯಾಂಕರಿಗಾಗಿ ಏರ್‌ಬಸ್‌ನ ಎ-330 ಮಾದರಿಯನ್ನು ಎರಡು ಸಲ ಆರಿಸಿದರು. ಬೆಲೆಯ ತಕರಾರಿನಿಂದ 2010ರಲ್ಲಿ ಒಮ್ಮೆ, 2016ರಲ್ಲಿ ಇನ್ನೊಮ್ಮೆ ಟೆಂಡರ್ ರದ್ದಾಯಿತು. 2020ರ ಜುಲೈನಲ್ಲಿ ಮೊದಲ ಐದು ರಫೇಲ್‌ಗಳು ಅಂಬಾಲಾಕ್ಕೆ ಬರುವಾಗ ದಾರಿಯಲ್ಲಿ ಇಂಧನ ಕೊಟ್ಟದ್ದು ಅದೇ ಎ-330, ಆದರೆ ಫ್ರಾನ್ಸಿನ ವಾಯುಪಡೆಯದು.

ಇನ್ನೊಂದು ತೊಡಕು ಜೋಡಣೆಯದು. ನಮ್ಮ ಸಿ-17 ಸಾಗಣೆ ವಿಮಾನಗಳಿಗೂ ನೌಕಾಪಡೆಯ ಪಿ-8ಐ ವಿಮಾನಗಳಿಗೂ ಪ್ರೋಬ್ ಇಲ್ಲ. ಅವುಗಳ ಬೆನ್ನಮೇಲೆ ಒಂದು ಕುಳಿ ಇದೆ, ಅದಕ್ಕೆ ಅಮೆರಿಕದ ಪದ್ಧತಿಯ ಗಟ್ಟಿ ಕೊಳವೆಯೇ ಬಂದು ಕೂರಬೇಕು. ಪೈಪು ಬುಟ್ಟಿ ಮಾತ್ರ ಇರುವ ಆಗ್ರಾದ ಟ್ಯಾಂಕರಿನಿಂದ ಅವು ಒಂದು ಲೀಟರನ್ನೂ ಪಡೆಯಲಾರವು.

2025ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ ಮೆಟ್ರಿಯಾ ಎಂಬ ಕಂಪನಿಯಿಂದ ಒಂದು ಕೆ.ಸಿ.-135 ಟ್ಯಾಂಕರನ್ನು ಬಾಡಿಗೆಗೆ ಪಡೆಯುವ ಒಪ್ಪಂದ ಮಾಡಿಕೊಂಡಿತು. ಹಾರಿಸುವ ಸಿಬ್ಬಂದಿಯೂ ಕಂಪನಿಯವರೇ. ಉದ್ದೇಶ ವಾಯುಪಡೆ ಮತ್ತು ನೌಕಾಪಡೆಯ ಪೈಲಟ್‌ಗಳ ತರಬೇತಿ. ಬುಟ್ಟಿಗೆ ಪ್ರೋಬ್ ಕೂರಿಸುವ ಕೈ ಅಭ್ಯಾಸ ತಪ್ಪಿದರೆ ಮರೆಯುತ್ತದೆ, ಆ ಅಭ್ಯಾಸಕ್ಕೆ ಟ್ಯಾಂಕರಿನ ಗಂಟೆಗಳು ಬೇಕು. ಬಾಡಿಗೆಯ ವಿಮಾನ ಆ ಗಂಟೆಗಳನ್ನು ಹೊತ್ತುಕೊಂಡಷ್ಟೂ, 78ನೇ ಸ್ಕ್ವಾಡ್ರನ್ನಿನಲ್ಲಿ ಹಾರಲು ಸಿದ್ಧವಿರುವ ಮೂರೋ ನಾಲ್ಕೋ ಟ್ಯಾಂಕರ್‌ಗಳು ಅಸಲು ಕೆಲಸಕ್ಕೆ ಬಿಡುವಾಗುತ್ತವೆ.

ನಮಸ್ಕಾರ.