ಒಳಿತು ಮಾಡಿದೆವೋ ಇಲ್ಲವೋ: ಜೋನ್ ಮೆಕಾರ್ಡ್ ಹಾಕಿದ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಅಪರಾಧಶಾಸ್ತ್ರದಲ್ಲಿ ಬಾಳೆಲ್ಲ ದುಡಿದು ತೀರಿಕೊಂಡ ಕೆಲವು ವಿದ್ವಾಂಸರನ್ನು ಈ ಹೊತ್ತು ನೆನೆಯೋಣ. ಮೂರು ಹೆಸರು ಗುರುತು ಹಾಕಿಕೊಂಡಿದ್ದೇನೆ. ಆದರೆ ಮೊದಲನೆಯವರ ಕಥೆಯೇ ದೊಡ್ಡದು, ಉಳಿದವರಿಗೆ ಸಿಗುವುದು ಉಳಿದಷ್ಟು ಹೊತ್ತು. ಮಕ್ಕಳು ಹಾದಿ ತಪ್ಪದಿರಲಿ ಎಂದು ಶಿಬಿರ ನಡೆಸುವವರು, ಶಾಲೆಯ ಮೇಷ್ಟ್ರುಗಳು, ಠಾಣೆಯಲ್ಲಿ ಮಕ್ಕಳ ವಿಷಯ ನೋಡಿಕೊಳ್ಳುವ ಅಧಿಕಾರಿಗಳು, ಸಂಘಸಂಸ್ಥೆಯವರು, ನೀವೆಲ್ಲ ಕೇಳುತ್ತಿದ್ದೀರಿ ಎಂದುಕೊಂಡೇ ಮಾತಾಡುತ್ತೇನೆ. ನಿಮಗೆ ನನ್ನದು ಒಂದೇ ಪ್ರಶ್ನೆ: ನೀವು ಮಾಡಿದ್ದರಿಂದ ಒಳ್ಳೆಯದಾಯಿತು ಎನ್ನುತ್ತೀರಲ್ಲ, ಯಾರಿಗೆ ಹೋಲಿಸಿ?

ಜೋನ್ ಮೆಕಾರ್ಡ್ ಹುಟ್ಟಿದ್ದು 1930ರಲ್ಲಿ, ಅಮೆರಿಕದ ನ್ಯೂಯಾರ್ಕಿನಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮೊದಲು ಓದಿದ್ದು ತತ್ತ್ವಶಾಸ್ತ್ರ. ಅದೇ ವಿಶ್ವವಿದ್ಯಾಲಯದಿಂದ 1968ರಲ್ಲಿ ಸಮಾಜಶಾಸ್ತ್ರದಲ್ಲಿ ಡಾಕ್ಟರೇಟ್ ಬಂತು. ಅಷ್ಟರಲ್ಲಿ ಮದುವೆ ಮುರಿದಿತ್ತು, ಇಬ್ಬರು ಗಂಡುಮಕ್ಕಳಿದ್ದರು. ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಸುಮಾರು ಎರಡು ದಶಕ ಪಾಠ ಮಾಡಿದರು, 1987ರಿಂದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ. ಅಮೆರಿಕದ ಅಪರಾಧಶಾಸ್ತ್ರ ಸಂಘದ ಅಧ್ಯಕ್ಷರಾದ ಮೊದಲ ಮಹಿಳೆ ಇವರೇ. 2004ರ ಫೆಬ್ರುವರಿಯಲ್ಲಿ ತೀರಿಕೊಂಡರು. ಹುದ್ದೆಗಳ ಮಾತು ಇಷ್ಟು ಸಾಕು. ಅವರ ಹೆಸರು ಉಳಿದಿರುವುದು ಬೇರೆಯವರು ಕೈಬಿಟ್ಟ ಒಂದು ಪ್ರಯೋಗವನ್ನು ಅವರು ಮತ್ತೆ ಕೈಗೆತ್ತಿಕೊಂಡಿದ್ದರಿಂದ.

ಆ ಪ್ರಯೋಗ ಕಟ್ಟಿದವರು ಬಾಸ್ಟನ್ ನಗರದ ವೈದ್ಯ ರಿಚರ್ಡ್ ಕ್ಲಾರ್ಕ್ ಕ್ಯಾಬಟ್. ಈತ ಸಾಮಾನ್ಯ ವೈದ್ಯರಲ್ಲ. ತಮ್ಮ ಆಸ್ಪತ್ರೆಯಲ್ಲಿ ಸತ್ತವರ ಮರಣೋತ್ತರ ಪರೀಕ್ಷೆಯ ವರದಿ ಒಂದು ಕಡೆ, ಬದುಕಿದ್ದಾಗ ವೈದ್ಯರು ಬರೆದಿದ್ದ ಕಾಯಿಲೆಯ ಹೆಸರು ಇನ್ನೊಂದು ಕಡೆ ಇಟ್ಟುಕೊಂಡು, ಎಷ್ಟು ಸಲ ಸರಿ, ಎಷ್ಟು ಸಲ ತಪ್ಪು ಎಂದು ಎಣಿಸಿದವರು. ಹೀಗೆ 3000 ಶವಪರೀಕ್ಷೆಗಳ ಲೆಕ್ಕವನ್ನು 1912ರಲ್ಲಿ ಪ್ರಕಟಿಸಿದರು. ಸಹೋದ್ಯೋಗಿಗಳಿಗೆ ಹಿತವಾಗಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಇದೇ ಕ್ಯಾಬಟ್ 1931ರಲ್ಲಿ ಸಮಾಜಕಾರ್ಯಕರ್ತರ ಸಮ್ಮೇಳನದ ಅಧ್ಯಕ್ಷಪೀಠದಿಂದ, ನಿಮ್ಮ ಕೆಲಸದ ಫಲವನ್ನು ಅಳೆಯಿರಿ ಎಂದರು. ಹೇಳಿ ಸುಮ್ಮನಾಗಲಿಲ್ಲ, ತಾವೇ ಹೊರಟರು.

ಬಾಸ್ಟನ್ನಿಗೆ ಅಂಟಿಕೊಂಡಂತೆ ಕೇಂಬ್ರಿಡ್ಜ್, ಸೋಮರ್‌ವಿಲ್ ಎಂಬ ಎರಡು ಊರುಗಳಿವೆ. ಆಗ ಅಲ್ಲಿ ಕಾರ್ಖಾನೆಗಳು, ಇಕ್ಕಟ್ಟಾದ ಮನೆಗಳು, ಬಡತನ. ಅಲ್ಲಿಂದ ಹನ್ನೆರಡು ವರ್ಷದೊಳಗಿನ ಹುಡುಗರನ್ನು ಆರಿಸಿದರು. ಶಾಲೆಯವರು, ಪೊಲೀಸರು ತುಂಟರೆಂದು ಹೇಳಿದವರೂ ಇದ್ದರು, ಸಾಧಾರಣ ಹುಡುಗರೂ ಇದ್ದರು. ಈಗ ಮುಖ್ಯವಾದ ಹೆಜ್ಜೆ, ದಯವಿಟ್ಟು ಗಮನವಿಟ್ಟು ಕೇಳಿ. ವಯಸ್ಸು, ಬುದ್ಧಿಮಟ್ಟ, ಮನೆಯ ಸ್ಥಿತಿ, ಕೇರಿ, ಮುಂದೆ ಕೆಡುವ ಸಂಭವ ಎಷ್ಟು ಎಂಬ ಅಂದಾಜು, ಇಷ್ಟನ್ನೂ ನೋಡಿ ಒಬ್ಬ ಹುಡುಗನಿಗೆ ಅವನಂಥ ಇನ್ನೊಬ್ಬನನ್ನು ಜೋಡಿ ಮಾಡಿದರು. ಆಮೇಲೆ ನಾಣ್ಯ ಚಿಮ್ಮಿದರು. ನಾಣ್ಯ ತೋರಿಸಿದ ಹುಡುಗನಿಗೆ ನೆರವು. ಅವನ ಜೊತೆಗಾರನ ವಿವರ ಬರೆದಿಟ್ಟುಕೊಂಡರು, ಅಷ್ಟೆ. ಕೊನೆಯವರೆಗೆ ಲೆಕ್ಕದಲ್ಲಿ ಉಳಿದದ್ದು 253 ಜೋಡಿ, ಅಂದರೆ 506 ಹುಡುಗರು.

ನಾಣ್ಯ ಯಾಕೆ? ಯಾರಿಗೆ ನೆರವು ಎಂದು ನಾವು ಆರಿಸಲು ಕೂತರೆ ಕೈ ತಾನಾಗಿಯೇ ಒಂದು ಕಡೆ ವಾಲುತ್ತದೆ. ಮಾತು ಕೇಳುವ ಹುಡುಗ, ಮನೆಗೆ ಹೋದರೆ ಕೂರಿಸಿ ಮಾತಾಡಿಸುವ ತಾಯಿ, ಅಂಥವರನ್ನೇ ಹೆಕ್ಕುತ್ತೇವೆ. ಅವರು ಹೇಗೂ ಚೆನ್ನಾಗಿಯೇ ಆಗುತ್ತಿದ್ದರು, ಹೆಸರು ಮಾತ್ರ ನಮ್ಮ ಕಾರ್ಯಕ್ರಮಕ್ಕೆ ಬರುತ್ತದೆ. ಹೊಸ ಗೊಬ್ಬರ ಹಾಕುವ ರೈತ ಅದೇ ಹೊಲದಲ್ಲಿ ಒಂದು ಪಟ್ಟೆಗೆ ಗೊಬ್ಬರ ಹಾಕದೆ ಬಿಟ್ಟು ನೋಡುತ್ತಾನಲ್ಲ, ಆ ಪಟ್ಟೆ ಇಲ್ಲದಿದ್ದರೆ ಬೆಳೆ ಬಂದದ್ದು ಗೊಬ್ಬರದಿಂದಲೋ ಮಳೆಯಿಂದಲೋ ಹೇಳುವವರು ಯಾರು?

ನೆರವು ಶುರುವಾದದ್ದು 1939ರಲ್ಲಿ. ಕ್ಯಾಬಟ್ ತೀರಿಕೊಂಡದ್ದೂ ಅದೇ ವರ್ಷ, ಕೆಲಸ ಮಾತ್ರ ನಿಲ್ಲಲಿಲ್ಲ. ಸಲಹೆಗಾರರು ಹುಡುಗರ ಮನೆಗೆ ತಿಂಗಳಿಗೆ ಸರಾಸರಿ ಎರಡು ಸಲ ಹೋಗುತ್ತಿದ್ದರು, ಸರಾಸರಿ ಐದೂವರೆ ವರ್ಷ. ಅರ್ಧಕ್ಕಿಂತ ಹೆಚ್ಚು ಹುಡುಗರಿಗೆ ಪಾಠ ಹೇಳಿಕೊಟ್ಟರು. ನೂರಕ್ಕೂ ಹೆಚ್ಚು ಹುಡುಗರಿಗೆ ವೈದ್ಯರನ್ನೋ ಮನೋವೈದ್ಯರನ್ನೋ ತೋರಿಸಿದರು. ಬೇಸಿಗೆ ಶಿಬಿರಕ್ಕೆ ಕಳಿಸಿದರು, ಸ್ಕೌಟ್ ದಳಕ್ಕೆ ಸೇರಿಸಿದರು, ಮನೆಯ ಜಗಳ ಬಿಡಿಸಿದರು. ಮಹಾಯುದ್ಧದಿಂದಾಗಿ ಸಲಹೆಗಾರರು ಬದಲಾಗುತ್ತಲೇ ಇದ್ದರು. 1945ರಲ್ಲಿ ಕಾರ್ಯಕ್ರಮ ಮುಗಿಯಿತು. ಇದಕ್ಕಿಂತ ಹೆಚ್ಚು ಮನಸ್ಸಿಟ್ಟು ಮಾಡುವುದು ಹೇಗೆ, ಹೇಳಿ. ಇವತ್ತಿಗೂ ಇಷ್ಟು ಕಾಲ ಹಿಡಿದು ಮಾಡುವ ಯೋಜನೆ ಕೈಬೆರಳಲ್ಲಿ ಎಣಿಸುವಷ್ಟಿಲ್ಲ.

1951ರಲ್ಲಿ ಮೊದಲ ವರದಿ ಬಂತು: ಎರಡು ಗುಂಪಿನಲ್ಲೂ ಕೋರ್ಟು ಮೆಟ್ಟಿಲು ಹತ್ತಿದವರ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಕಾದು ನೋಡೋಣ, ದೊಡ್ಡವರಾದ ಮೇಲೆ ಫಲ ಕಂಡೀತು ಎಂದರು. ಕಡತಗಳನ್ನು ಕಟ್ಟಿಟ್ಟರು. ಐವತ್ತರ ದಶಕದಲ್ಲಿ ಜೋನ್ ಮತ್ತು ಅವರ ಗಂಡ ವಿಲಿಯಂ ಮೆಕಾರ್ಡ್ ಆ ಕಡತ ಬಿಚ್ಚಿದರು. ಆಗಲೂ ಲಾಭ ಕಾಣಲಿಲ್ಲ.

1975ರಲ್ಲಿ ಜೋನ್ ಒಬ್ಬರೇ ಮತ್ತೆ ಹೊರಟರು. ಆ ಹುಡುಗರಿಗೆ ಈಗ ನಡುವಯಸ್ಸು. ಮೂವತ್ತು ವರ್ಷದ ಹಿಂದಿನ ವಿಳಾಸ ಹಿಡಿದು ಮನುಷ್ಯನನ್ನು ಹುಡುಕುವುದು ಹೇಗೆ? ಕೋರ್ಟಿನ ದಾಖಲೆ, ಮಾನಸಿಕ ಆಸ್ಪತ್ರೆಯ ದಾಖಲೆ, ಕುಡಿತ ಬಿಡಿಸುವ ಕೇಂದ್ರದ ದಾಖಲೆ, ಮರಣದ ದಾಖಲೆ, ವಾಹನ ನೋಂದಣಿ, ಟೆಲಿಫೋನ್ ಡೈರೆಕ್ಟರಿ, ಒಂದೊಂದನ್ನೂ ಜಾಲಾಡಿದರು. 1978ರಲ್ಲಿ ಫಲಿತಾಂಶ ಪ್ರಕಟಿಸುವ ಹೊತ್ತಿಗೆ ಶೇಕಡಾ 95ರಷ್ಟು ಜನ ಸಿಕ್ಕಿದ್ದರು. ಇದು ಕೇವಲ ಹಟವಲ್ಲ, ಲೆಕ್ಕದ ಅಗತ್ಯ. ಹೀಗೆ ಹುಡುಕುವಾಗ ಮೊದಲು ಕೈಗೆ ಸಿಗುವವರು ಕೆಲಸ, ಮನೆ, ಸಂಸಾರ ಇರುವವರು. ಜೈಲಿನಲ್ಲಿರುವವನು, ಊರು ಬಿಟ್ಟವನು, ಕುಡಿದು ಬೀದಿಗೆ ಬಿದ್ದವನು ಸಿಗುವುದಿಲ್ಲ. ಸಿಕ್ಕವರನ್ನಷ್ಟೇ ಎಣಿಸಿದರೆ ಯಾವ ಯೋಜನೆಯಾದರೂ ಗೆದ್ದ ಹಾಗೆಯೇ ಕಾಣುತ್ತದೆ.

ಅವರಿಗೆಲ್ಲ ಪ್ರಶ್ನಾವಳಿ ಹೋಯಿತು. ನೆರವು ಪಡೆದು ಉತ್ತರ ಬರೆದವರಲ್ಲಿ ಮೂರರಲ್ಲಿ ಎರಡು ಪಾಲು ಜನ, ಹೌದು, ನಮಗೆ ಉಪಯೋಗವಾಯಿತು ಎಂದರು. ಬೀದಿ ಪಾಲಾಗದಂತೆ ನೋಡಿಕೊಂಡರು, ಅವರಿಲ್ಲದಿದ್ದರೆ ಅಡ್ಡದಾರಿ ಹಿಡಿಯುತ್ತಿದ್ದೆವು ಎಂದು ಬರೆದವರಿದ್ದರು. ನಮ್ಮಲ್ಲಿ ಬಹುತೇಕ ವಾರ್ಷಿಕ ವರದಿಗಳು ಇಲ್ಲಿಗೆ ಮುಗಿಯುತ್ತವೆ, ನಗುಮುಖದ ನಾಲ್ಕು ಫೋಟೊಗಳ ಸಮೇತ.

ಜೋನ್ ಮುಗಿಸಲಿಲ್ಲ. ಅವರ ಮುಂದೆ ಇನ್ನೊಂದು ಸಾಲು ಇತ್ತು, ನಾಣ್ಯ ಬಿಟ್ಟ ಹುಡುಗರ ಸಾಲು. ಎರಡನ್ನೂ ಪಕ್ಕಪಕ್ಕ ಇಟ್ಟರು. ಒಂದಲ್ಲ ಒಂದು ಅಪರಾಧ ಮಾಡಿದವರ ಸಂಖ್ಯೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಎರಡನೆಯ ಸಲ ಅಪರಾಧ ಮಾಡಿದವರು ನೆರವು ಪಡೆದವರಲ್ಲೇ ಹೆಚ್ಚು. ಕುಡಿತಕ್ಕೆ ದಾಸರಾದ ಲಕ್ಷಣ ಅವರಲ್ಲೇ ಹೆಚ್ಚು. ಗಂಭೀರ ಮಾನಸಿಕ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಅವರಲ್ಲೇ ಹೆಚ್ಚು. ಸತ್ತವರಲ್ಲಿ ಚಿಕ್ಕ ವಯಸ್ಸಿಗೆ ಸತ್ತವರು ಅವರೇ. ಇದ್ದವರ ಕೆಲಸವೂ ಕೆಳದರ್ಜೆಯದು, ಆ ಕೆಲಸದಲ್ಲಿ ತೃಪ್ತಿಯೂ ಕಡಿಮೆ. ನೆರವು ಪಡೆದ ಗುಂಪು ಮೇಲುಗೈ ಸಾಧಿಸಿದ ಒಂದೇ ಒಂದು ಅಂಶವೂ ಸಿಗಲಿಲ್ಲ.

ಕಾಕತಾಳೀಯ ಇರಬಹುದಲ್ಲ ಎನ್ನುತ್ತೀರಿ. ಅದನ್ನೂ ಪರೀಕ್ಷೆ ಮಾಡಿದರು. ಹೆಚ್ಚು ಕಾಲ, ಹೆಚ್ಚು ತೀವ್ರವಾಗಿ ನೆರವು ಪಡೆದವರಲ್ಲಿ ಹಾನಿ ಹೆಚ್ಚು ಕಂಡಿತು. ಸಲಹೆಗಾರರಿಗೆ ಸಹಕಾರ ಕೊಡದೆ ಬಾಗಿಲು ಹಾಕಿಕೊಂಡ ಮನೆಗಳಲ್ಲಿ ಒಳಿತೂ ಇಲ್ಲ, ಕೆಡುಕೂ ಇಲ್ಲ. ಕೆಡುಕು ಕಂಡದ್ದು ಸಹಕರಿಸಿದ ಮನೆಗಳಲ್ಲಿ, ಅಂದರೆ ನೆರವು ನಿಜವಾಗಿ ತಲುಪಿದ ಕಡೆ. ಬೇಸಿಗೆ ಶಿಬಿರದ ಲೆಕ್ಕವಂತೂ ಎದೆ ಝಲ್ಲೆನಿಸುತ್ತದೆ. ಒಂದಕ್ಕಿಂತ ಹೆಚ್ಚು ಸಲ ಶಿಬಿರಕ್ಕೆ ಹೋದ ಹುಡುಗರ ಜೋಡಿಗಳಲ್ಲಿ, ಒಬ್ಬ ಮಾತ್ರ ಕೆಟ್ಟಿದ್ದರೆ ಅವನು ಶಿಬಿರಕ್ಕೆ ಹೋದವನೇ ಆಗಿರುವ ಸಂಭವ ಹತ್ತು ಪಟ್ಟು. ಹೋದವರು ಹತ್ತು, ಹೋಗದವನು ಒಬ್ಬ.

ಕಾರಣ? ಟಾಮ್ ಡಿಷಿಯಾನ್ ಎಂಬ ಮನಶ್ಶಾಸ್ತ್ರಜ್ಞರು ಹುಡುಗರ ಹರಟೆಯನ್ನು ವಿಡಿಯೊ ಮಾಡಿ ನೋಡಿದ್ದರು. ಕಿಡಿಗೇಡಿತನದ ಮಾತು ಬಂದಾಗ ಯಾವ ಜೊತೆಯಲ್ಲಿ ನಗು ಏಳುತ್ತದೋ, ಆ ಹುಡುಗರು ಮುಂದೆ ಹೆಚ್ಚು ಕೆಡುತ್ತಿದ್ದರು. ಆ ನಗುವೇ ಬಹುಮಾನ. ಇದನ್ನೂ ಕೇಂಬ್ರಿಡ್ಜ್–ಸೋಮರ್‌ವಿಲ್ ಲೆಕ್ಕವನ್ನೂ ಸೇರಿಸಿ ಅವರು, ಜೋನ್ ಮತ್ತು ಇನ್ನೊಬ್ಬ ಸಂಶೋಧಕರು 1999ರಲ್ಲಿ ಒಟ್ಟಿಗೆ ಬರೆದರು: ಕೆಡುವ ಅಂಚಿನಲ್ಲಿರುವ ಹದಿಹರೆಯದವರನ್ನೆಲ್ಲ ಒಂದೆಡೆ ಗುಡ್ಡೆ ಹಾಕಿದರೆ ಅವರು ಕಲಿಯುವುದು ಪರಸ್ಪರರಿಂದ, ಶಿಬಿರ ನಡೆಸುವವರಿಂದಲ್ಲ. ಹುಡುಗರ ಶಿಬಿರ ಮಾಡುವವರು ಇದೊಂದನ್ನಾದರೂ ಬರೆದಿಟ್ಟುಕೊಳ್ಳಿ.

ಸಾವಿನ ವಯಸ್ಸಿನ ವಿಷಯ ಮಾತ್ರ ಮುಂದೆ ಬದಲಾಯಿತು. ಬೇರೆ ಸಂಶೋಧಕರು ಇದೇ 506 ಜನರನ್ನು ಎಪ್ಪತ್ತೆರಡು ವರ್ಷ ಕಾಲ ಹಿಂಬಾಲಿಸಿ ನೋಡಿದಾಗ, ಒಟ್ಟು ಆಯುಷ್ಯದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಇದು ಗೊತ್ತಾದದ್ದೂ ಹೋಲಿಕೆಯ ಗುಂಪು ಇದ್ದದ್ದರಿಂದಲೇ.

ಜೋನ್ ಅವರ ಇನ್ನೊಂದು ಕೆಲಸ ಹೇಳದಿದ್ದರೆ ಅನ್ಯಾಯ. ಸಲಹೆಗಾರರು ಪ್ರತಿ ಭೇಟಿಯ ನಂತರ ಕಂಡದ್ದನ್ನು ಬರೆದಿಡುತ್ತಿದ್ದರು: ತಾಯಿ ಮಗನನ್ನು ಹೇಗೆ ಕರೆದಳು, ಅಪ್ಪ ಬಂದಾಗ ಮನೆಯಲ್ಲಿ ಏನಾಯಿತು, ಶಾಲೆಯಿಂದ ಬಂದ ಹುಡುಗನನ್ನು ನೋಡಿಕೊಳ್ಳುವವರು ಇದ್ದರೋ ಇಲ್ಲವೋ. ಜೋನ್ ಈ ಹಾಳೆಗಳನ್ನು ಓದಿಸಿ, ತಾಯಿಯ ಅಕ್ಕರೆ, ತಾಯಿಯ ಆತ್ಮವಿಶ್ವಾಸ, ಮಗನ ಮೇಲಿನ ನಿಗಾ, ಗಂಡಹೆಂಡಿರ ಜಗಳ, ಹೊಡೆತ ಬಡಿತ, ತಂದೆಯ ನಡತೆ, ಹೀಗೆ ಒಂದೊಂದಕ್ಕೂ ಅಂಕ ಹಾಕಿಸಿದರು. ಅಂಕ ಹಾಕುವವರಿಗೆ ಆ ಹುಡುಗ ಮುಂದೆ ಏನಾದ ಎಂಬುದು ಗೊತ್ತಿರಲಿಲ್ಲ. ಗೊತ್ತಿದ್ದರೆ ಕಳ್ಳನ ತಾಯಿಗೆ ಅಂಕ ಕಡಿಮೆಯೇ ಬೀಳುತ್ತಿತ್ತು. ಹಾಗೆ ಕಣ್ಣು ಕಟ್ಟಿ ಹಾಕಿದ ಅಂಕಗಳು ಮೂವತ್ತು ವರ್ಷದ ನಂತರದ ಅಪರಾಧ ದಾಖಲೆಗೆ ಎದ್ದು ಕಾಣುವಷ್ಟು ಹೊಂದಿಕೆಯಾದವು. ತಂದೆ ಮನೆಯಲ್ಲಿ ಇಲ್ಲದ್ದೇ ಮಕ್ಕಳು ಕೆಡಲು ಕಾರಣ ಎನ್ನುವ ಮಾತು ಇದೆಯಲ್ಲ, ಅದಕ್ಕೂ ಇಲ್ಲಿ ಏಟು ಬಿತ್ತು. ಅಕ್ಕರೆಯ ತಾಯಿ ಒಬ್ಬಳೇ ಸಾಕಿದ ಹುಡುಗರಿಗಿಂತ, ದಿನಾ ಜಗಳವಾಡುವ ತಂದೆತಾಯಿ ಇಬ್ಬರೂ ಇದ್ದ ಮನೆಯ ಹುಡುಗರ ಪಾಡು ಕೆಟ್ಟದಾಗಿತ್ತು.

ಹೊತ್ತು ಓಡುತ್ತಿದೆ. ಎರಡನೆಯವರು ಎಲೀನರ್ ಗ್ಲೂಕ್, 1972ರಲ್ಲಿ ತೀರಿಕೊಂಡರು. ಗಂಡ ಶೆಲ್ಡನ್ ಜೊತೆ ಸೇರಿ ಬಾಸ್ಟನ್ನಿನ 500 ಅಪರಾಧಿ ಹುಡುಗರನ್ನೂ ಅವರಿಗೆ ಒಬ್ಬೊಬ್ಬರಂತೆ ಜೋಡಿ ಮಾಡಿದ 500 ನಿರಪರಾಧಿ ಹುಡುಗರನ್ನೂ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಆ ಅಭ್ಯಾಸ 1950ರಲ್ಲಿ ಪ್ರಕಟವಾಯಿತು. ಒಂದೇ ಕೆಲಸ ಮಾಡಿದ ಇಬ್ಬರಲ್ಲಿ ಗಂಡ ಹಾರ್ವರ್ಡಿನ ಪ್ರಾಧ್ಯಾಪಕ, ಹೆಂಡತಿ ಕೊನೆಯವರೆಗೂ ಸಂಶೋಧನಾ ಸಹಾಯಕಿ, ಸಹವರ್ತಿ. ಆದರೂ ಅವರು ಕೂಡಿಟ್ಟ ಕಾಗದದ ಪೆಟ್ಟಿಗೆಗಳು ಹಾರ್ವರ್ಡ್ ಕಾನೂನು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಉಳಿದಿದ್ದವು. ಎಂಬತ್ತರ ದಶಕದಲ್ಲಿ ಜಾನ್ ಲಾಬ್, ರಾಬರ್ಟ್ ಸ್ಯಾಂಪ್ಸನ್ ಅವುಗಳನ್ನು ಮೇಲೆತ್ತಿ, ಕೆಟ್ಟ ಹುಡುಗರಲ್ಲೂ ಎಷ್ಟೋ ಮಂದಿ ಒಳ್ಳೆಯ ಮದುವೆ, ಕಾಯಂ ಕೆಲಸದಿಂದ ದಾರಿಗೆ ಬಂದರೆಂದು ತೋರಿಸಿದರು.

ಮೂರನೆಯವರು ಮಾರ್ವಿನ್ ವುಲ್ಫ್‌ಗ್ಯಾಂಗ್, ಕಾಲವಾದದ್ದು 1998ರಲ್ಲಿ. 1945ರಲ್ಲಿ ಹುಟ್ಟಿ ಫಿಲಡೆಲ್ಫಿಯಾದಲ್ಲಿ ಬೆಳೆದ 9945 ಹುಡುಗರ ಪೊಲೀಸ್ ದಾಖಲೆ ನೋಡಿದರು. ಒಟ್ಟು ಅಪರಾಧಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಾಡಿದ್ದು 627 ಹುಡುಗರು, ನೂರಕ್ಕೆ ಆರು ಮಂದಿ. ಉಳಿದ ಬಹುಪಾಲು ಹುಡುಗರು ಒಂದೋ ಎರಡೋ ಸಲ ಸಿಕ್ಕಿಬಿದ್ದವರು, ಇಲ್ಲವೇ ಪೊಲೀಸರ ಮುಖವನ್ನೇ ನೋಡದವರು. ಇದೂ ನಿಮಗೆ ಬೇಕಾದ ವಿಷಯವೇ. ಒಂದು ಸಲ ಸಿಕ್ಕಿಬಿದ್ದ ಹುಡುಗನನ್ನು ಕರೆದು ಬುದ್ಧಿ ಹೇಳುತ್ತೀರಿ, ಅವನು ಮತ್ತೆ ಬರುವುದಿಲ್ಲ, ಬುದ್ಧಿ ಹೇಳಿದ್ದು ಫಲಿಸಿತು ಎನ್ನುತ್ತೀರಿ. ಎಷ್ಟೋ ಹುಡುಗರು ಯಾರೂ ಬುದ್ಧಿ ಹೇಳದೆಯೂ ಮತ್ತೆ ಬರುವುದಿಲ್ಲ. ಹದಿನಾರಕ್ಕೆ ಕಿಡಿಗೇಡಿಯಾಗಿದ್ದವನು ಇಪ್ಪತ್ತನಾಲ್ಕಕ್ಕೆ ತಣ್ಣಗಾಗುವುದು ವಯಸ್ಸಿನ ಗುಣ. ಮೊದಲು ಹೇಗಿದ್ದ, ಆಮೇಲೆ ಹೇಗಾದ ಎಂದಷ್ಟೇ ನೋಡಿದರೆ ಆ ಕೀರ್ತಿಯೆಲ್ಲ ನಿಮ್ಮ ಖಾತೆಗೆ ಬೀಳುತ್ತದೆ.

ಹಾಗಾದರೆ ತಾಲೂಕಿನಲ್ಲಿ ಕೂತವರು ಏನು ಮಾಡಬಹುದು? ದುಡ್ಡು ಬೇಕಿಲ್ಲ. ನಿಮ್ಮಲ್ಲಿ 40 ಜಾಗ ಇದೆ, 90 ಹೆಸರು ಬಂದಿದೆ ಎಂದಿಟ್ಟುಕೊಳ್ಳಿ. ತೊಂಬತ್ತೂ ಮಂದಿಯ ವಯಸ್ಸು, ತರಗತಿ, ಹಾಜರಿ, ಮನೆಯ ಸ್ಥಿತಿ ಮೊದಲೇ ಬರೆದುಕೊಳ್ಳಿ. ಆಮೇಲೆ ಎಲ್ಲರೆದುರು ಚೀಟಿ ಎತ್ತಿ. ಶಿಫಾರಸಿನವರನ್ನು ಚೀಟಿ ಎತ್ತಿದ ಮೇಲೆ ಒಳಗೆ ತುರುಕಬೇಡಿ, ಅಲ್ಲಿಗೆ ಲೆಕ್ಕ ಕೆಟ್ಟಿತು. ಜಾಗ ಸಿಗದ 50 ಹೆಸರುಗಳ ಪಟ್ಟಿಯನ್ನು ಎಸೆಯಬೇಡಿ. ನಿಮಗೆ ನಿಜ ಹೇಳುವುದು ಅದೇ ಪಟ್ಟಿ. ಅರ್ಧಕ್ಕೆ ಬಿಟ್ಟು ಹೋದ ಹುಡುಗನನ್ನೂ ನೆರವು ಪಡೆದವರ ಲೆಕ್ಕದಲ್ಲೇ ಇಡಿ. ಅವನನ್ನು ತೆಗೆದರೆ ಉಳಿಯುವುದು ನಿಮ್ಮ ಮೆಚ್ಚಿನವರು ಮಾತ್ರ. ಒಂದು ವರ್ಷಕ್ಕೊಮ್ಮೆ, ಐದು ವರ್ಷಕ್ಕೊಮ್ಮೆ ಎರಡೂ ಪಟ್ಟಿಯವರನ್ನು ವಿಚಾರಿಸಿ: ಶಾಲೆಯಲ್ಲಿದ್ದಾನೋ, ಕೆಲಸದಲ್ಲಿದ್ದಾನೋ, ಠಾಣೆಗೆ ಹೋಗಿದ್ದನೋ. ಹುಡುಗರ ಹೆಸರು, ವಿವರ ಹೊರಗೆ ಹೋಗದಂತೆ ಬೀರುವಿನಲ್ಲಿ ಬೀಗ ಹಾಕಿಡಿ. ನೀವು ವರ್ಗವಾಗಿ ಹೋಗುವಾಗ ಆ ರಿಜಿಸ್ಟರನ್ನು ಮುಂದಿನವರ ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ.

ನಮಸ್ಕಾರ.