ಮಕ್ಕಳೇ ನಡೆಸುವ ದಳ

ಕೇಳುಗರಿಗೆಲ್ಲ ನಮಸ್ಕಾರ.

ಸ್ಕೌಟ್ ಅಂದಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು, ಸಾಲಾಗಿ ನಿಂತು, ಮೂರು ಬೆರಳಿನ ಸೆಲ್ಯೂಟ್ ಹೊಡೆಯುವ ಮಕ್ಕಳು, ಅಲ್ವಾ? ಸಮಾರಂಭಗಳಲ್ಲಿ ನಾವು ನೋಡುವುದು ಅಷ್ಟೇ. ಇವತ್ತು ನಾನು ಮಾತಾಡುವುದು ಸಮಾರಂಭ ಇಲ್ಲದ ದಿನಗಳ ಬಗ್ಗೆ. ಒಂದು ದಳ ವಾರವಾರ ಹೇಗೆ ನಡೆಯುತ್ತದೆ? ಏನು ಮಾಡಬೇಕು ಅಂತ ತೀರ್ಮಾನಿಸುವವರು ಯಾರು?

ಯಾರು ಅಂದರೆ, ಮಕ್ಕಳೇ. ಕೇಳೋಕೆ ಚೆನ್ನಾಗಿದೆ, ನಡೆಸೋಕೆ ಕಷ್ಟ.

ದಳದಲ್ಲಿ ಮೂವತ್ತು ಮಕ್ಕಳಿದ್ದಾರೆ ಅಂದುಕೊಳ್ಳಿ. ಮೂವತ್ತೂ ಜನರನ್ನು ಒಟ್ಟಿಗೆ ಕೂರಿಸಿ ಪಾಠ ಹೇಳುವ ಪದ್ಧತಿ ಇಲ್ಲಿಲ್ಲ. ಆರೆಂಟು ಮಕ್ಕಳಿಗೆ ಒಂದೊಂದು ಗುಂಪು. ಇದಕ್ಕೆ ಪ್ಯಾಟ್ರೋಲ್ ಅನ್ನುತ್ತಾರೆ. ಪ್ರತಿ ಪ್ಯಾಟ್ರೋಲ್‌ಗೂ ಒಂದು ಪ್ರಾಣಿಯದೋ ಪಕ್ಷಿಯದೋ ಹೆಸರು, ಒಂದು ಬಾವುಟ, ಒಂದು ಕೂಗು ಇರುತ್ತದೆ. ಅವರಲ್ಲೇ ಒಬ್ಬರು ಪ್ಯಾಟ್ರೋಲ್ ಲೀಡರ್, ಇನ್ನೊಬ್ಬರು ಅವರಿಗೆ ಸಹಾಯಕರು. ಉಳಿದವರೂ ಸುಮ್ನೆ ಕೂರುವಂತಿಲ್ಲ. ಒಬ್ಬರು ಲೆಕ್ಕ ಬರೆಯಬೇಕು, ಒಬ್ಬರು ಸಾಮಾನು ನೋಡಿಕೊಳ್ಳಬೇಕು, ಒಬ್ಬರು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕಾಯಬೇಕು. ಹಗ್ಗ ಕಳೆದುಹೋಯಿತು ಅಂದರೆ ಯಾರನ್ನು ಕೇಳಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ.

ಈ ಪದ್ಧತಿ ಸ್ಕೌಟ್ ಚಳವಳಿಯಷ್ಟೇ ಹಳೆಯದು. 1907ರ ಆಗಸ್ಟ್‌ನಲ್ಲಿ, ಈ ಚಳವಳಿ ಶುರುಮಾಡಿದ ಬ್ರಿಟಿಷ್ ಸೇನಾಧಿಕಾರಿ ಬೇಡನ್ ಪೊವೆಲ್, ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಪ್ರಾಯೋಗಿಕ ಶಿಬಿರ ನಡೆಸಿದರು. ಸುಮಾರು 20 ಹುಡುಗರು. ಕೆಲವರು ಶ್ರೀಮಂತರ ಶಾಲೆಗಳಿಂದ ಬಂದವರು, ಕೆಲವರು ಸಾಧಾರಣ ಮನೆಗಳವರು. ತೋಳ, ಗೂಳಿ, ಕಾಗೆಯ ಜಾತಿಯ ರೇವನ್, ಉದ್ದ ಕೊಕ್ಕಿನ ಕರ್ಲ್ಯೂ ಅಂತ ನಾಲ್ಕು ಪ್ಯಾಟ್ರೋಲ್ ಮಾಡಿ, ಪ್ರತಿಯೊಂದಕ್ಕೂ ಒಬ್ಬ ಹುಡುಗನನ್ನೇ ಲೀಡರ್ ಮಾಡಿದರು. ತನ್ನ ಗುಂಪಿನ ನಡತೆಗೆ ಅವನೇ ಹೊಣೆ. ಅದಕ್ಕೂ ಮುಂಚೆ, 1899ರಿಂದ 1900ರವರೆಗೆ ದಕ್ಷಿಣ ಆಫ್ರಿಕಾದ ಮ್ಯಾಫಕಿಂಗ್ ಊರಿಗೆ ಮುತ್ತಿಗೆ ಬಿದ್ದಿದ್ದಾಗ, ಹುಡುಗರು ಸೈಕಲ್ ಮೇಲೆ ಸುದ್ದಿ ಒಯ್ಯುತ್ತಿದ್ದುದನ್ನು ಅವರು ನೋಡಿದ್ದರು. ನಂಬಿ ಕೆಲಸ ಕೊಟ್ಟರೆ ಮಕ್ಕಳು ಮಾಡುತ್ತಾರೆ ಅನ್ನುವ ಧೈರ್ಯ ಅವರಿಗೆ ಬಂದಿದ್ದೇ ಅಲ್ಲಿಂದ.

ನನಗೆ ಇನ್ನೂ ಇಷ್ಟವಾದದ್ದು ಆಮೇಲೆ ನಡೆದದ್ದು. ದೊಡ್ಡವರು ಸಂಘ ಕಟ್ಟಿ ಮಕ್ಕಳನ್ನು ಸೇರಿಸಿಕೊಳ್ಳಲಿ ಅಂತ ಮಕ್ಕಳು ಕಾಯಲಿಲ್ಲ. ಎಷ್ಟೋ ಕಡೆ ತಾವೇ ಪ್ಯಾಟ್ರೋಲ್ ಮಾಡಿಕೊಂಡು, ಆಮೇಲೆ ಒಬ್ಬ ದೊಡ್ಡವರನ್ನು ಹುಡುಕಿ ಕರೆತಂದರು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್ ಹುಡುಗರ ದೊಡ್ಡ ಸಮಾವೇಶ ಆಯಿತು. ಅಲ್ಲಿಗೆ ಕೆಲವು ಹುಡುಗಿಯರೂ ಬಂದುಬಿಟ್ಟರು. ಯಾರಮ್ಮ ನೀವು ಅಂದರೆ, ನಾವೂ ಸ್ಕೌಟ್‌ಗಳೇ ಅಂದರು. ಮರುವರ್ಷವೇ ಹುಡುಗಿಯರಿಗಾಗಿ ಗೈಡ್ಸ್ ಶುರುವಾಯಿತು. ಬೇಡನ್ ಪೊವೆಲ್ ಅವರ ತಂಗಿ ಆಗ್ನೆಸ್ ಅದರ ಹೊಣೆ ಹೊತ್ತರು.

ಸರಿ, ವಾರದ ಸಭೆಗೆ ಬರೋಣ. ಬಾವುಟ ಏರಿಸುವುದು, ಪ್ರಾರ್ಥನೆ, ಉಗುರು ಸಮವಸ್ತ್ರಗಳ ತಪಾಸಣೆ, ಒಂದು ಆಟ. ಇದೆಲ್ಲ ಬೇಗ ಮುಗಿಯುತ್ತದೆ. ಆಟ ಅಂದರೆ ಬರೀ ಓಟವಲ್ಲ. ಬಟ್ಟೆಯಡಿ 24 ವಸ್ತು ಇಟ್ಟು, ಒಂದೇ ನಿಮಿಷ ತೋರಿಸಿ ಮುಚ್ಚಿಬಿಡುತ್ತಾರೆ. ಏನೇನಿತ್ತು ಅಂತ ನೆನಪಿಟ್ಟು ಬರೆಯಬೇಕು. ದೊಡ್ಡವರೂ ಈ ಆಟದಲ್ಲಿ ಕೆಲವೊಮ್ಮೆ ಮಕ್ಕಳಿಗೆ ಸೋಲುತ್ತಾರೆ.

ಆಮೇಲೆ ಪ್ಯಾಟ್ರೋಲ್‌ಗಳು ತಂತಮ್ಮ ಮೂಲೆಗೆ ಹೋಗುತ್ತವೆ. ಸಭೆಯ ನಿಜವಾದ ಜೀವ ಇರುವುದು ಇಲ್ಲಿ. ಒಂದು ಮೂಲೆಯಲ್ಲಿ ಹೊಸಬನೊಬ್ಬ ಹಗ್ಗದ ಎರಡು ತುದಿ ಸೇರಿಸಿ ಕಟ್ಟುವ ರೀಫ್ ಗಂಟು ಕಲಿಯುತ್ತಿದ್ದಾನೆ. ಲೀಡರ್ ಹುಡುಗಿ ಪಕ್ಕದಲ್ಲೇ ಮಂಡಿಯೂರಿ ಕೂತಿದ್ದಾಳೆ. 'ಎಡದ ತುದಿ ಬಲದ ಮೇಲೆ. ಈಗ ಬಲದ ತುದಿ ಎಡದ ಮೇಲೆ. ಎಳಿ.' ಅವನು ಎಳೆಯುತ್ತಾನೆ, ಗಂಟು ಜಾರುತ್ತದೆ. ಎರಡು ಸಲವೂ ಒಂದೇ ಕಡೆಯ ತುದಿಯನ್ನು ಮೇಲೆ ಹಾಕಿದ್ದಾನೆ. ಅವಳಿಗೆ ತಕ್ಷಣ ಗೊತ್ತಾಗುತ್ತದೆ, ಯಾಕೆಂದರೆ ಹೋದ ವರ್ಷ ಅವಳೂ ಅಲ್ಲೇ ಎಡವಿದ್ದಳು. ಅವನಿಗೆ ಎದುರಾಗಿ ಕೂತರೆ ಎಡ ಬಲ ತಿರುಗಿ ಕಾಣುತ್ತದೆ ಅಂತಲೇ ಅವಳು ಪಕ್ಕದಲ್ಲಿ ಕೂತದ್ದು. ಇಪ್ಪತ್ತು ವರ್ಷದಿಂದ ಗಂಟು ಹಾಕುತ್ತಿರುವ ನನ್ನಂಥವರಿಗೆ ಎಲ್ಲಿ ಕಷ್ಟ ಅನ್ನುವುದೇ ಮರೆತುಹೋಗಿರುತ್ತದೆ.

ಮುಂದಿನ ತಿಂಗಳು ಏನು ಮಾಡೋಣ ಅನ್ನುವ ಮಾತು ಹುಟ್ಟುವುದೂ ಈ ಮೂಲೆಗಳಲ್ಲೇ. ಒಬ್ಬ ಚಾರಣ ಅಂತಾನೆ, ಇನ್ನೊಬ್ಬಳು ರಾತ್ರಿ ನಕ್ಷತ್ರ ನೋಡೋಣ ಅಂತಾಳೆ. ಪ್ಯಾಟ್ರೋಲ್ ಒಂದು ಅಭಿಪ್ರಾಯಕ್ಕೆ ಬಂದಮೇಲೆ ಲೀಡರ್ ಅದನ್ನು ಕೋರ್ಟ್ ಆಫ್ ಆನರ್‌ಗೆ ಒಯ್ಯಬೇಕು. ಹೆಸರು ಕೇಳಿ ಹೆದರಬೇಡಿ. ಅದು ಪ್ಯಾಟ್ರೋಲ್ ಲೀಡರ್‌ಗಳ ಸಭೆ, ಅಷ್ಟೇ. ಅಧ್ಯಕ್ಷತೆ ಅವರಲ್ಲೇ ಒಬ್ಬರದು. ನಡಾವಳಿ ಬರೆಯುತ್ತಾರೆ. ಕಾರ್ಯಕ್ರಮ, ಖರ್ಚು, ಸಾಮಾನು, ಶಿಸ್ತು ಎಲ್ಲ ಅಲ್ಲೇ ಇತ್ಯರ್ಥವಾಗಬೇಕು. ಯಾರೋ ತಪ್ಪು ಮಾಡಿದ್ದಾರೆ ಅಂದರೆ ಅದೂ ಅಲ್ಲಿಗೇ ಬರುತ್ತದೆ. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ದಳದ ಹೊಣೆ ಹೊತ್ತ ದೊಡ್ಡವರು, ಅಂದರೆ ಸ್ಕೌಟ್ ಮಾಸ್ಟರ್, ಕೂತಿರುತ್ತಾರೆ, ಆದರೆ ಸಲಹೆಗಾರರಾಗಿ.

ಎಷ್ಟೋ ದಳಗಳಲ್ಲಿ ಕೆಡುವುದು ಇಲ್ಲೇ. ಮಕ್ಕಳು ಅರ್ಧ ಗಂಟೆ ಚರ್ಚೆ ಮಾಡುತ್ತಾರೆ. ಕೊನೆಗೆ ಮಾಸ್ಟರು, 'ಎಲ್ಲ ಸರಿ, ಆದರೆ ನಾನು ಆಗಲೇ ಬೇರೆ ಗೊತ್ತು ಮಾಡಿಬಿಟ್ಟಿದ್ದೀನಿ' ಅಂತಾರೆ. ಇಂಥದ್ದು ಎರಡು ಸಲ ಆದರೆ ಸಾಕು, ಮೂರನೇ ಸಲ ಯಾರೂ ಬಾಯಿ ಬಿಡುವುದಿಲ್ಲ. ಇನ್ನು ವರ್ಷಪೂರ್ತಿ ಬರೀ ಸ್ವಾಗತಕ್ಕೆ, ಮೆರವಣಿಗೆಗೆ ಮಕ್ಕಳನ್ನು ನಿಲ್ಲಿಸುವ ದಳಗಳೂ ಇವೆ. ಅಲ್ಲಿ ಸಮವಸ್ತ್ರ ಇರುತ್ತದೆ, ಪ್ಯಾಟ್ರೋಲ್ ಇರುವುದಿಲ್ಲ.

ಹಾಗಾದರೆ ಮಕ್ಕಳು ತಪ್ಪು ಮಾಡಿದರೆ? ಮಾಡುತ್ತಾರೆ, ಬೇಕಾದಷ್ಟು. ಶಿಬಿರದಲ್ಲಿ ನೋಡಬೇಕು ನೀವು. ಪ್ರತಿ ಪ್ಯಾಟ್ರೋಲ್‌ಗೂ ತನ್ನದೇ ಡೇರೆ, ತನ್ನದೇ ಒಲೆ. ಸಂಜೆ ಡೇರೆ ಕಟ್ಟಿ, ಹಗ್ಗವನ್ನೆಲ್ಲ ಬಿಗಿಯಾಗಿ ಎಳೆದು ಖುಷಿಪಡುತ್ತಾರೆ. ಹತ್ತಿ ನೂಲಿನ ಹಗ್ಗ ನೆಂದರೆ ಗಿಡ್ಡವಾಗುತ್ತದೆ. ರಾತ್ರಿ ಮಳೆಯೋ ಮಂಜೋ ಬಿದ್ದರೆ ಅದು ಗೂಟವನ್ನೇ ಕಿತ್ತುಬಿಡಬಹುದು. ಮಲಗುವ ಮುಂಚೆ ಸ್ವಲ್ಪ ಸಡಿಲ ಮಾಡಬೇಕು. ಇದನ್ನು ಮೊದಲೇ ಕಲಿಸಿರುತ್ತೇವೆ, ಅವರು ಮರೆತಿರುತ್ತಾರೆ. ಸ್ಕೌಟ್ ಮಾಸ್ಟರ್‌ಗೆ ಕಾಣುತ್ತಿದೆ. ಹೇಳಬೇಕಾ, ಬೇಡವಾ?

ನನ್ನ ಪ್ರಕಾರ ಬೇಡ. ಹೆಚ್ಚೆಂದರೆ, 'ಹಗ್ಗ ಎಲ್ಲ ನೋಡಿದಿರಾ?' ಅಂತ ಒಂದು ಸಲ ಕೇಳಿ ಹೋಗಿಬಿಡಬೇಕು. ಮಧ್ಯರಾತ್ರಿ ಡೇರೆ ಬಿದ್ದರೆ ಎದ್ದು ಮತ್ತೆ ಕಟ್ಟಲಿ. ಆದರೆ ಕೊಡಲಿ, ಬೆಂಕಿ, ನೀರು ಇವುಗಳ ವಿಷಯದಲ್ಲಿ ಈ ತಾಳ್ಮೆ ಕೂಡದು. ಹುಡುಗ ಕೊಡಲಿ ಎತ್ತಿದಾಗ ಎದುರಿಗೆ ಇನ್ನೊಬ್ಬ ನಿಂತಿದ್ದರೆ ಆ ಕ್ಷಣವೇ ನಿಲ್ಲಿಸಬೇಕು. ನಿದ್ದೆ ಕೆಡಿಸುವ ತಪ್ಪು ಬೇರೆ, ಕೈ ಕಡಿಯುವ ತಪ್ಪು ಬೇರೆ. ಈ ಎರಡರ ನಡುವಿನ ಗೆರೆ ಎಲ್ಲಿದೆ ಅಂತ ದಿನವೂ ಗುರುತಿಸುತ್ತಾ ಇರುವುದೇ ಸ್ಕೌಟ್ ಮಾಸ್ಟರ್ ಕೆಲಸದ ಮುಕ್ಕಾಲು ಪಾಲು.

ಉಳಿದ ಕಾಲು ಪಾಲು ಮಕ್ಕಳಿಗೆ ಕಾಣುವುದೇ ಇಲ್ಲ. ಪೋಷಕರ ಒಪ್ಪಿಗೆ ಪತ್ರ, ಯಾರಿಗೆ ಯಾವ ಔಷಧಿ ಅನ್ನುವ ಪಟ್ಟಿ, ಹತ್ತಿರದ ಆಸ್ಪತ್ರೆ ಎಲ್ಲಿ ಅನ್ನುವ ವಿಚಾರಣೆ. ಶಿಬಿರ ಅಂದಮೇಲೆ ಕನಿಷ್ಠ ಇಬ್ಬರು ದೊಡ್ಡವರು ಇರಲೇಬೇಕು. ದೊಡ್ಡವರೊಬ್ಬರು ಒಂದು ಮಗುವಿನ ಜೊತೆ ಮರೆಯಲ್ಲಿ ಒಂಟಿಯಾಗಿ ಇರಬಾರದು. ಇದರಲ್ಲಿ ಯಾರಿಗೂ ವಿನಾಯಿತಿ ಇಲ್ಲ, ಎಷ್ಟೇ ಹಳಬರಾಗಿರಲಿ, ಎಷ್ಟೇ ಒಳ್ಳೆಯವರಾಗಿರಲಿ.

ದೊಡ್ಡವರಿಗೂ ತರಬೇತಿ ಇದೆ. 1919ರಲ್ಲಿ ಲಂಡನ್ ಹತ್ತಿರದ ಗಿಲ್ವೆಲ್ ಪಾರ್ಕ್‌ನಲ್ಲಿ ಇದು ಶುರುವಾಯಿತು. ಕೊರಳಲ್ಲಿ ಚರ್ಮದ ದಾರಕ್ಕೆ ಎರಡು ಮರದ ಮಣಿ ಹಾಕಿಕೊಂಡವರನ್ನು ನೀವು ನೋಡಿರಬಹುದು, ಅದು ಆ ತರಬೇತಿಯ ಗುರುತು. ಅಲ್ಲಿ ಅವರನ್ನೂ ಪ್ಯಾಟ್ರೋಲ್‌ಗಳಾಗಿ ವಿಂಗಡಿಸುತ್ತಾರೆ. ನಲವತ್ತು ದಾಟಿದವರು ತಮ್ಮ ಡೇರೆ ತಾವೇ ಕಟ್ಟಬೇಕು, ತಮ್ಮ ಲೀಡರ್ ಹೇಳಿದಂತೆ ಕೇಳಬೇಕು. ಆಜ್ಞೆ ಕೊಟ್ಟು ರೂಢಿಯಾದವರಿಗೆ ಅದೇನೂ ಸುಲಭವಲ್ಲ!

ಲೀಡರ್ ಆಯ್ಕೆ ಹೇಗೆ? ಕೆಲವು ದಳಗಳಲ್ಲಿ ಪ್ಯಾಟ್ರೋಲ್ ಮಕ್ಕಳೇ ಆರಿಸುತ್ತಾರೆ. ಕೆಲವು ಕಡೆ ಮಕ್ಕಳನ್ನು ಕೇಳಿಕೊಂಡು ಸ್ಕೌಟ್ ಮಾಸ್ಟರ್ ನೇಮಿಸುತ್ತಾರೆ. ಬರೀ ಓಟು ಅಂದರೆ ಜಾಸ್ತಿ ಮಾತಾಡುವವನು ಗೆಲ್ಲುತ್ತಾನೆ. ಬರೀ ನೇಮಕ ಅಂದರೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವವನಿಗೆ ಸಿಗುತ್ತದೆ. ನನಗೆ ಕೇಳಿದರೆ, ಏನಾದರೂ ತೊಂದರೆಯಾದಾಗ ಹೊಸಬರು ಯಾರ ಹತ್ತಿರ ಓಡಿಹೋಗುತ್ತಾರೆ ಅಂತ ಒಂದೆರಡು ತಿಂಗಳು ಗಮನಿಸುವುದು ಒಳ್ಳೆಯದು. ಆ ಮಗು ಎಲ್ಲರ ಮುಂದೆ ನಿಂತು ಗಟ್ಟಿಯಾಗಿ ಮಾತಾಡದೇ ಇರಬಹುದು. ಅದನ್ನು ಕಲಿಯಬಹುದು. ದರ್ಪ ತೋರಿಸುವ ಲೀಡರನ್ನು ತಿದ್ದುವುದು ಅದಕ್ಕಿಂತ ಕಷ್ಟ. ಚಿಕ್ಕವರ ಕೈಲಿ ಪಾತ್ರೆ ತೊಳೆಸಿ ತಾನು ಕೂತಿರುವವರು ಎಲ್ಲ ದಳದಲ್ಲೂ ಒಬ್ಬರಾದರೂ ಸಿಗುತ್ತಾರೆ. ಅಂಥವರನ್ನು ಕೋರ್ಟ್ ಆಫ್ ಆನರ್‌ನಲ್ಲಿ ಜೊತೆಯ ಲೀಡರ್‌ಗಳೇ ಕೇಳಿದರೆ, ನಾವು ಬೈದದ್ದಕ್ಕಿಂತ ಚೆನ್ನಾಗಿ ನಾಟುತ್ತದೆ.

ನಿಮ್ಮ ಮಗುವನ್ನು ದಳಕ್ಕೆ ಸೇರಿಸಬೇಕು ಅಂತಿದ್ದರೆ, ಸಮಾರಂಭದ ದಿನ ಹೋಗಬೇಡಿ. ಮಾಮೂಲಿ ಸಭೆಯ ದಿನ ಹೋಗಿ, ಯಾವುದಾದರೂ ಮಗುವನ್ನು ಕೇಳಿ: 'ಮುಂದಿನ ವಾರ ಏನಪ್ಪಾ ಕಾರ್ಯಕ್ರಮ? ಯಾರು ಗೊತ್ತು ಮಾಡಿದ್ದು?' ಸೇರಿಸಿದ ಮೇಲೆ ನಿಮಗೂ ಕೆಲಸ ಇದೆ. ಲೆಕ್ಕ ನೋಡುವವರು, ಸಾಮಾನು ಸಾಗಿಸುವವರು, ಪ್ರಥಮ ಚಿಕಿತ್ಸೆ ಹೇಳಿಕೊಡುವವರು ಯಾವ ದಳಕ್ಕೂ ಸಾಕಾಗುವಷ್ಟು ಇರುವುದಿಲ್ಲ. ಬ್ಯಾಡ್ಜ್ ಯಾವಾಗ ಬರುತ್ತದೆ ಅಂತ ಮಾತ್ರ ವಾರವಾರ ಕೇಳಬೇಡಿ. ಶಿಬಿರಕ್ಕೆ ಹೊರಟಾಗ ಮಗುವಿನ ಚೀಲವನ್ನು ನೀವು ತುಂಬಿಕೊಡಬೇಡಿ. ಟಾರ್ಚ್ ಯಾವ ಮೂಲೆಯಲ್ಲಿದೆ ಅಂತ ಕತ್ತಲಲ್ಲಿ ಹುಡುಕಬೇಕಾದವರು ಅವರು ತಾನೇ?

ನಮಸ್ಕಾರ.